ಡಿಸ್ನಿ ಕಾಡಿನಲ್ಲಿ ನಮ್ಮ ಡೇರೆ

2013ರ ಸೆಪ್ಟೆಂಬರ್. ನಾನೂ ನನ್ನ ಮನೆಯವಳೂ ಅಮೆರಿಕದ ಅಟ್ಲಾಂಟದಲ್ಲಿ ಮಗನ ಮನೆಯಲ್ಲಿದ್ದೆವು. ಒಂದು ರಾತ್ರಿ ನೀರು ಕುಡಿಯಲೆಂದು ಅಡುಗೆಮನೆ ಕಡೆ ಹೊರಟಾಗ ಮಗ, ಸೊಸೆ ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದದ್ದು ಕಿವಿಗೆ ಬಿತ್ತು. ಕದ್ದು ಕೇಳುವ ಅಭ್ಯಾಸ ನನಗಿಲ್ಲ. ಆದರೆ ಅಂಕಿಸಂಖ್ಯೆ ಕಿವಿಗೆ ಬಿದ್ದರೆ ಕಾಲು ತಾನಾಗಿ ನಿಂತುಬಿಡುತ್ತದೆ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನ ರೋಗ ಅದು.

"ಒಂದು ರೂಮಿಗೆ ನಾಲ್ಕೇ ಜನ. ಅಪ್ಪ ಅಮ್ಮ ಬಂದರೆ ಎರಡು ರೂಮು. ನಾಲ್ಕು ರಾತ್ರಿ. ಅದರ ಮೇಲೆ ಆರು ಟಿಕೆಟ್. ಆಗಲ್ಲ ಕಣೇ" ಅಂದ ಮಗ.

"ಹಾಗಂತ ಅವರನ್ನು ಮನೆಯಲ್ಲಿ ಬಿಟ್ಟು ಹೋಗೋಕಾಗುತ್ತಾ? ಈ ವರ್ಷ ಬೇಡ ಬಿಡಿ. ಮಕ್ಕಳಿಗೆ ನಾನು ಹೇಳ್ತೀನಿ" ಅಂದಳು ಸೊಸೆ.

ಫ್ಲಾರಿಡಾದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೋಗುವ ಮಾತು ಅದು. ಮಕ್ಕಳು ಎರಡು ವರ್ಷದಿಂದ ಕಾದಿದ್ದರು. ನಾನು ನೀರು ಕುಡಿಯದೆಯೇ ಹಿಂದಿರುಗಿ ಮಲಗಿದೆ. ನಿದ್ದೆ ಬರಲಿಲ್ಲ. ನಾವಿಬ್ಬರು ಬಂದಿದ್ದರಿಂದ ಮೊಮ್ಮಕ್ಕಳ ಆಸೆಗೆ ಕಲ್ಲು ಬೀಳುವುದೆಂದರೆ ಏನು!

ಬೆಳಿಗ್ಗೆ ಕಾಫಿ ಕುಡಿಯುವಾಗ ನಾನೇ ಮಾತು ತೆಗೆದೆ. "ನೀವು ನಾಲ್ಕು ಜನ ಹೋಗಿ ಬನ್ನಿ. ನಮಗೆ ಆ ಇಲಿಯನ್ನು ನೋಡಿ ಏನಾಗಬೇಕು?" ಅಂದೆ. ಮಗ ತಲೆ ತಗ್ಗಿಸಿದ. ಹತ್ತು ವರ್ಷದ ಪುಟ್ಟಿ ಮಾತ್ರ ಚಮಚ ಕೆಳಗಿಟ್ಟು, "ತಾತ ಅಜ್ಜಿ ಬರದೇ ಇದ್ರೆ ನಾನೂ ಬರಲ್ಲ. ಟೆಂಟ್ ಹಾಕ್ಕೊಂಡು ಇರಬಹುದು ಅಲ್ಲಿ. ನನ್ನ ಫ್ರೆಂಡ್ ಹೋಗಿದ್ಲು. ಒಂದು ಜಾಗದಲ್ಲಿ ಹತ್ತು ಜನ ಇರಬಹುದಂತೆ" ಅಂದಳು.

ಹುಡುಗಿ ಹೇಳಿದ್ದು ನಿಜವಾಗಿತ್ತು. ಡಿಸ್ನಿ ವರ್ಲ್ಡ್ ಶುರುವಾದದ್ದು 1971ರ ಅಕ್ಟೋಬರ್ 1ರಂದು. ಅದೇ ವರ್ಷ ನವೆಂಬರ್‌ನಲ್ಲಿ ಅದರ ಆವರಣದೊಳಗೇ ಫೋರ್ಟ್ ವೈಲ್ಡರ್‌ನೆಸ್ ಎಂಬ ಡೇರೆಗಳ ಬೀಡನ್ನು ತೆರೆದರು. ಸುಮಾರು 750 ಎಕರೆ. ಪೈನ್ ಮತ್ತು ಸೈಪ್ರೆಸ್ ಮರಗಳ ಕಾಡು, ಪಕ್ಕದಲ್ಲಿ ಬೇ ಲೇಕ್ ಎಂಬ ದೊಡ್ಡ ಕೆರೆ. ಕಾಡಿನೊಳಗೆ ಸುತ್ತು ಸುತ್ತಾದ ರಸ್ತೆಗಳು, ರಸ್ತೆಯ ಎರಡು ಕಡೆ ನಂಬರ್ ಹಾಕಿದ ಜಾಗಗಳು. ಪ್ರತಿ ಜಾಗಕ್ಕೂ ಒಂದು ನಲ್ಲಿ, ವಿದ್ಯುತ್ ಸಂಪರ್ಕ, ಊಟದ ಮೇಜು, ಇದ್ದಿಲು ಹಾಕಿ ಸುಡುವ ಒಲೆ. ಸ್ವಲ್ಪ ದೂರದಲ್ಲಿ ಎಲ್ಲರಿಗೂ ಸೇರಿದ ಸ್ನಾನದ ಮನೆ, ಬಿಸಿನೀರು, ಬಟ್ಟೆ ಒಗೆಯುವ ಯಂತ್ರ.

ನಾನು ಕಾಗದ, ಪೆನ್ನು ತರಿಸಿದೆ. ಲೆಕ್ಕ ಹೀಗಿತ್ತು. ಹೋಟೆಲಿನ ಎರಡು ಕೋಣೆಗೆ ಒಂದು ರಾತ್ರಿಗೆ ಆಗುವ ಹಣದಲ್ಲಿ ಡೇರೆಯ ಜಾಗ ಹೆಚ್ಚುಕಡಿಮೆ ನಾಲ್ಕೂ ರಾತ್ರಿಗೆ ಸಿಗುತ್ತಿತ್ತು. ಡೇರೆ, ಗಾಳಿ ತುಂಬುವ ಹಾಸಿಗೆ, ಮಡಚುವ ಮಂಚ ಎಲ್ಲ ಹೊಸದಾಗಿ ಕೊಳ್ಳಲು ಇನ್ನೊಂದು ರಾತ್ರಿಯ ಹೋಟೆಲ್ ಬಾಡಿಗೆ. ಎಲ್ಲ ಕಳೆದು ಎರಡು ರಾತ್ರಿಯ ಬಾಡಿಗೆ ಉಳಿತಾಯ. ಮಕ್ಕಳೇ, ಬೇಕಾದರೆ ನೀವೇ ಕೂಡಿ ಕಳೆದು ನೋಡಿ. ಡೇರೆಯಲ್ಲಿದ್ದೇವೆ ಎಂದು ಪಾರ್ಕಿನ ಟಿಕೆಟ್ಟಿನಲ್ಲಿ ಕಾಸೂ ಕಡಿಮೆಯಾಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಡೇರೆ ಮುಂದಿನ ವರ್ಷಕ್ಕೂ ಇರುತ್ತದೆ, ಹೋಟೆಲಿನ ರಸೀದಿಯಲ್ಲಿ ಯಾರೂ ಮಲಗಲಾಗುವುದಿಲ್ಲ.

ನನ್ನ ಮನೆಯವಳು ಒಪ್ಪಲಿಲ್ಲ. "ನೆಲದ ಮೇಲೆ ಮಲಗಿದರೆ ಬೆಳಿಗ್ಗೆ ನನ್ನ ಮಂಡಿ ಹಿಡಿದು ಎಬ್ಬಿಸೋರು ಯಾರು? ಹಾವು ಹುಳ ಬಂದರೆ?" ಅಂದಳು. ಆಗ ನಾನು ಘಾಟಿ ಸುಬ್ರಹ್ಮಣ್ಯದ ಮಾತು ತೆಗೆದೆ. ನಮ್ಮೂರು ದೊಡ್ಡಬಳ್ಳಾಪುರದ ಕಡೆ. ಚಿಕ್ಕಂದಿನಲ್ಲಿ ನಮ್ಮ ತಾತ ನನ್ನನ್ನು ಘಾಟಿಯ ದನಗಳ ಜಾತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಗಾಡಿ ತುಂಬ ಹುಲ್ಲು, ಹುಲ್ಲಿನ ಮೇಲೆ ನಾನು. ತೋಪಿನಲ್ಲಿ ಗಾಡಿ ಬಿಟ್ಟು, ಮೂರು ಕಲ್ಲು ಹೂಡಿ, ಹುರುಳಿಕಾಳಿನ ಸಾರು, ಮುದ್ದೆ. ರಾತ್ರಿ ಗಾಡಿಯ ಕೆಳಗೆ ಕಂಬಳಿ ಹೊದ್ದು ಮಲಗಿದರೆ ತಲೆಯ ಬಳಿ ಎತ್ತಿನ ಉಸಿರು ಬಿಸಿಯಾಗಿ ತಾಗುತ್ತಿತ್ತು. ಕ್ಯಾಂಪಿಂಗ್ ಎಂದರೆ ಅದೇ ತಾನೇ, ಎತ್ತು ಒಂದು ಇಲ್ಲ ಅಷ್ಟೆ ಅಂದೆ. "ಆಗ ನಿಮಗೆ ಒಂಬತ್ತು ವರ್ಷ, ಈಗ ಅರವತ್ತಮೂರು" ಅಂದಳು. ಮಂಚ ಹಾಕಿಸುತ್ತೇನೆ ಎಂದ ಮೇಲೆ ಗೊಣಗುತ್ತಲೇ ಕೋಡುಬಳೆ ಹಿಟ್ಟು ಕಲಸಲು ಎದ್ದಳು. ಒಪ್ಪಿದಳು ಎಂದು ನಾನು ತಿಳಿದುಕೊಂಡೆ.

ಅಕ್ಟೋಬರ್‌ನಲ್ಲಿ ಶಾಲೆಗೆ ನಾಲ್ಕೈದು ದಿನ ರಜೆ ಸಿಕ್ಕಿತು. ಅಟ್ಲಾಂಟದಿಂದ ಸುಮಾರು 700 ಕಿಲೋಮೀಟರ್ ಕಾರಿನ ದಾರಿ. ದಾರಿಯಲ್ಲಿ ಜಾರ್ಜಿಯ ರಾಜ್ಯದ ಹಳ್ಳಿಗಳ ಕಡೆ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದರು! ಉಪ್ಪು ಹಾಕಿ, ಸಿಪ್ಪೆ ಸಮೇತ, ಬಿಸಿಬಿಸಿಯಾಗಿ. ಬಸವನಗುಡಿ ಕಡಲೆಕಾಯಿ ಪರಿಷೆ ನೆನಪಾಗಿ ನನ್ನವಳ ಮುಖ ಮೊದಲ ಸಲ ಅರಳಿತು. ಕಾರಿನೊಳಗೆಲ್ಲ ಸಿಪ್ಪೆ.

ಬೀಡು ತಲುಪಿದಾಗ ಸಂಜೆ. ಮರಗಳಿಂದ ಮುದುಕರ ಗಡ್ಡದ ಹಾಗೆ ಬೂದು ಬಣ್ಣದ ಪಾಚಿ ಜೋತಾಡುತ್ತಿತ್ತು. ಅಲ್ಲಿ ಡೇರೆ ಹಾಕುವವರಿಗಿಂತ ಮನೆಯಷ್ಟು ದೊಡ್ಡ ಬಸ್ಸಿನಂಥ ವಾಹನ ತಂದು ನಿಲ್ಲಿಸುವವರೇ ಹೆಚ್ಚು. ಅದರೊಳಗೇ ಹಾಸಿಗೆ, ಒಲೆ, ಬಚ್ಚಲು. ಅಕ್ಟೋಬರ್ ಕೊನೆಗೆ ಅವರಿಗೆ ಹ್ಯಾಲೊವೀನ್ ಹಬ್ಬ, ನಮ್ಮಲ್ಲಿ ದಸರೆ ಗೊಂಬೆ ಕೂರಿಸಿದ ಹಾಗೆ ಅವರು ತಮ್ಮ ಜಾಗದ ಮುಂದೆ ಕುಂಬಳಕಾಯಿ, ದೀಪದ ಸರ, ಪ್ಲಾಸ್ಟಿಕ್ಕಿನ ಅಸ್ಥಿಪಂಜರ ಎಲ್ಲ ಅಲಂಕರಿಸಿರುತ್ತಾರೆ. ನಮ್ಮ ಪಕ್ಕದವರ ಅಸ್ಥಿಪಂಜರ ಆರಾಮಕುರ್ಚಿಯಲ್ಲಿ ಕಾಲು ಚಾಚಿ ಕೂತಿತ್ತು. ನನ್ನವಳು ಅದನ್ನು ನೋಡಿ "ರಾಮ ರಾಮ" ಎಂದು ಮುಖ ತಿರುಗಿಸಿದಳು. ನಾನು ಮಾತ್ರ, ಇದು ಒಳ್ಳೆಯ ಗುರುತು, ಜಾಗ ಮರೆಯುವುದಿಲ್ಲ ಅಂದುಕೊಂಡೆ. ಈ ಮಾತು ನೆನಪಿಟ್ಟುಕೊಳ್ಳಿ.

ಡೇರೆ ನಿಲ್ಲಿಸಲು ಒಂದೂವರೆ ಗಂಟೆ ಹಿಡಿಯಿತು. ಕೋಲು ಒಂದು ಕಡೆ ಸಿಕ್ಕಿಸಿದರೆ ಇನ್ನೊಂದು ಕಡೆ ಬಿಟ್ಟುಕೊಳ್ಳುತ್ತಿತ್ತು. ಮಗ, ಸೊಸೆ ಒಬ್ಬರ ಮೇಲೊಬ್ಬರು ರೇಗಿದರು. ಆರು ವರ್ಷದ ಪುಟ್ಟು ಗೂಟ ಹೊಡೆಯುವ ಸುತ್ತಿಗೆ ಯಾರಿಗೂ ಕೊಡಲಿಲ್ಲ. ಕೊನೆಗೆ ಪಕ್ಕದ ಬಸ್ಸಿನಿಂದ ನನ್ನದೇ ವಯಸ್ಸಿನ ಒಬ್ಬರು ಇಳಿದು ಬಂದು ಕೈ ಹಾಕಿದರು. ಅಂಚೆ ಇಲಾಖೆಯಿಂದ ನಿವೃತ್ತರಂತೆ. ನಾನು ಬ್ಯಾಂಕು ಅಂದೆ. ಇಬ್ಬರೂ ಪಿಂಚಣಿಯ ವಿಷಯ ಸ್ವಲ್ಪ ಹೊತ್ತು ಮಾತಾಡಿದೆವು. ಡೇರೆಯ ಕೆಳಗೆ ಹಾಸಿದ ಟಾರ್ಪಾಲಿನ ಅಂಚು ಹೊರಗೆ ಚಾಚಿದ್ದನ್ನು ನೋಡಿ ಅವರು, ಅದನ್ನು ಒಳಗೆ ಮಡಚಬೇಕು, ಇಲ್ಲದಿದ್ದರೆ ಮಳೆ ನೀರೆಲ್ಲ ಅದರ ಮೇಲೆ ಬಿದ್ದು ಡೇರೆಯ ಅಡಿಗೇ ಹರಿಯುತ್ತದೆ ಎಂದರು. ಮೂರನೆಯ ದಿನ ಮಧ್ಯಾಹ್ನ ಗುಡುಗು ಸಹಿತ ಮಳೆ ಸುರಿದಾಗ ಆ ಒಂದು ಮಾತು ನಮ್ಮ ಹಾಸಿಗೆಗಳನ್ನು ಕಾಪಾಡಿತು.

ಈಗ ಊಟದ ವಿಷಯ. ಹೋಟೆಲಿಗಿಂತ ಡೇರೆ ಮೇಲು ಎಂದು ನಾನು ಹೇಳುವುದಾದರೆ ಮೊದಲನೆಯ ಕಾರಣ ಇದೇ. ನನ್ನವಳು ಈರುಳ್ಳಿ, ಬೆಳ್ಳುಳ್ಳಿ ತಿನ್ನುವವಳಲ್ಲ. ಹೋಟೆಲಿನಲ್ಲಿ ಇಳಿದಿದ್ದರೆ ನಾಲ್ಕು ದಿನ ಬ್ರೆಡ್ಡು, ಬಾಳೆಹಣ್ಣು. ಇಲ್ಲಿ ವಿದ್ಯುತ್ ಇತ್ತು, ನಾವು ಅನ್ನ ಮಾಡುವ ಕುಕ್ಕರ್ ತಂದಿದ್ದೆವು. ಮೊದಲ ರಾತ್ರಿಯೇ ಪೈನ್ ಮರದ ಕೆಳಗೆ ಬಿಸಿ ಅನ್ನ, ಮೆಂತ್ಯದ ಹಿಟ್ಟು, ತುಪ್ಪ. ಮರುದಿನ ಇದ್ದಿಲ ಒಲೆಯ ಮೇಲೆ ಮುಸುಕಿನ ಜೋಳ ಸುಟ್ಟು, ನಿಂಬೆಹಣ್ಣು, ಉಪ್ಪು, ಖಾರದಪುಡಿ ಉಜ್ಜಿದೆವು, ನಂದಿಬೆಟ್ಟದಲ್ಲಿ ಕೊಡುವ ಹಾಗೆ. ಅಂಚೆಯವರಿಗೂ ಅವರ ಹೆಂಡತಿಗೂ ಎರಡು ಕೊಟ್ಟೆವು. ಖಾರ ಹೆಚ್ಚಾಗಿ ಅವರ ಕಣ್ಣಲ್ಲಿ ನೀರು ಬಂತು. ಆದರೂ ಅವರು ಮತ್ತೆ ಬಂದು ಕೇಳಿದರು, ನಾನು ಸುಳ್ಳು ಹೇಳುತ್ತಿಲ್ಲ.

ಬೆಳಿಗ್ಗೆ ಕೆರೆಯ ದಂಡೆಗೆ ನಡೆದು ಹೋದರೆ ದೋಣಿ ಸಿಗುತ್ತದೆ. ಅದಕ್ಕೆ ಬೇರೆ ಹಣವಿಲ್ಲ. ನೀರಿನ ಮೇಲೆ ಸ್ವಲ್ಪ ದೂರ ಹೋಗುತ್ತಲೇ ಮರಗಳ ಆಚೆ ಸಿಂಡರೆಲಾ ಕೋಟೆಯ ಗೋಪುರ ಏಳುತ್ತದೆ. 189 ಅಡಿ ಎತ್ತರ. ಪುಟ್ಟು ದೋಣಿಯಲ್ಲಿ ಎದ್ದು ನಿಂತುಬಿಟ್ಟ. ಪಾರ್ಕಿನೊಳಗಿನ ಆಟಗಳನ್ನೆಲ್ಲ ಬರೆಯಲು ಹೋಗುವುದಿಲ್ಲ, ಅವನ್ನು ಎಲ್ಲರೂ ಬರೆದಿದ್ದಾರೆ. ನಮಗಿಬ್ಬರಿಗೆ ಹಿಡಿಸಿದ್ದು ಗೊಂಬೆಗಳು ಹಾಡುವ ದೋಣಿಯ ಆಟ. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕಾಗಿ ಮೊದಲು ಮಾಡಿದ ಆಟವಂತೆ ಅದು. ಒಳಗೆ ತಂಪು, ಕುಳಿತೇ ನೋಡಬಹುದು. ನನ್ನವಳು ಎರಡು ಸಲ ಹೋದಳು.

ಇನ್ನೊಂದು ಸಂಗತಿ ಮಗ ಹೇಳಿದ್ದು. ವಾಲ್ಟ್ ಡಿಸ್ನಿ ಈ ಜಾಗ ತಯಾರಾಗುವುದನ್ನು ನೋಡಲೇ ಇಲ್ಲ. 1966ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಣ್ಣ ರಾಯ್ ಡಿಸ್ನಿ ತಮ್ಮ ನಿವೃತ್ತಿಯನ್ನು ಮುಂದೂಡಿ ಕೆಲಸ ಮುಗಿಸಿದರು, ಹೆಸರು 'ಡಿಸ್ನಿ ವರ್ಲ್ಡ್' ಅಂತಿದ್ದರೆ ಸಾಲದು, ತಮ್ಮನ ಪೂರ್ತಿ ಹೆಸರಿರಬೇಕು ಎಂದು 'ವಾಲ್ಟ್ ಡಿಸ್ನಿ ವರ್ಲ್ಡ್' ಎಂದು ಇಡಿಸಿದರು. ತೆರೆದ ಮೂರು ತಿಂಗಳೊಳಗೆ ಅವರೂ ಹೋದರು. ಈ ರಾಯ್ ವಯಸ್ಸಿನಲ್ಲಿ ಬ್ಯಾಂಕಿನ ನೌಕರರಾಗಿದ್ದವರು! ತಮ್ಮ ಚಿತ್ರ ಬರೆದ, ಅಣ್ಣ ಲೆಕ್ಕ ಬರೆದ. ಅಲ್ಲಿಗೆ ಬರುವವರೆಲ್ಲ ತಮ್ಮನ ಹೆಸರನ್ನೇ ಹೇಳುತ್ತಾರೆ. ಗುಮಾಸ್ತರ ಹಣೆಬರಹ ಎಲ್ಲ ದೇಶದಲ್ಲೂ ಒಂದೇ.

ಮಧ್ಯಾಹ್ನ ಒಂದು ಗಂಟೆಗೆ ಬಿಸಿಲು ಏರಿ, ಪುಟ್ಟು ಹಟ ಹಿಡಿಯಲು ಶುರುಮಾಡಿದ. ನಾವಿಬ್ಬರು ಅವನನ್ನು ಕರೆದುಕೊಂಡು ದೋಣಿ ಹತ್ತಿ ಡೇರೆಗೆ ಬಂದೆವು. ಮೊಸರನ್ನ ತಿಂದು ಮರದ ನೆರಳಲ್ಲಿ ಚಾಪೆ ಹಾಕಿ ಮೂವರೂ ಮಲಗಿದೆವು. ಹೋಟೆಲಿನಲ್ಲೂ ಮಲಗಬಹುದು, ನಿಜ. ಆದರೆ ಬಾಗಿಲು ಹಾಕಿದ ಕೋಣೆಯಲ್ಲಿ ಪುಟ್ಟು ಟಿವಿ ಹಾಕು ಅನ್ನುತ್ತಿದ್ದ. ಇಲ್ಲಿ ಅಳಿಲು ಬಂದು ನಮ್ಮ ಚೀಲ ಮೂಸುತ್ತಿತ್ತು, ಅವನಿಗೆ ಅದೇ ಸಾಕಾಯಿತು. ಸಂಜೆ ಹತ್ತಿರದ ಲಾಯಕ್ಕೆ ಹೋಗಿ ಪಾರ್ಕಿನಲ್ಲಿ ಟ್ರಾಮ್ ಎಳೆಯುವ ದೊಡ್ಡ ಕುದುರೆಗಳನ್ನು ನೋಡಿದೆವು. ಅವೂ ಈ ಬೀಡಿನಲ್ಲೇ ಇರುತ್ತವೆ. ಕೆಲಸ ಮುಗಿಸಿ ಬಂದು ಹುಲ್ಲು ತಿನ್ನುತ್ತ ನಿಂತಿದ್ದ ಒಂದು ಕುದುರೆ, ಆಫೀಸಿನಿಂದ ಬಂದ ಮನುಷ್ಯನ ಹಾಗೆಯೇ ನಿಟ್ಟುಸಿರು ಬಿಟ್ಟಿತು.

ರಾತ್ರಿ ಬೀಡಿನ ನಡುವೆ ಬೆಂಕಿ ಹಾಕುತ್ತಾರೆ. ಚಿಪ್, ಡೇಲ್ ಎಂಬ ಎರಡು ಅಳಿಲಿನ ವೇಷ ಬರುತ್ತವೆ, ಎಲ್ಲರೂ ಹಾಡುತ್ತಾರೆ, ಆಮೇಲೆ ಬಯಲಲ್ಲೇ ಪರದೆಯ ಮೇಲೆ ಸಿನಿಮಾ. ಮಕ್ಕಳು ಕಡ್ಡಿಗೆ ಮಾರ್ಷ್‌ಮ್ಯಾಲೊ ಎಂಬ ಮೆತ್ತನೆಯ ಮಿಠಾಯಿ ಸಿಕ್ಕಿಸಿ ಬೆಂಕಿಗೆ ಹಿಡಿಯುತ್ತಾರೆ. ಅದರಲ್ಲಿ ಜೆಲಟಿನ್ ಇರುತ್ತದೆ, ನಮಗೆ ಆಗದು. ಪುಟ್ಟುವಿನ ಮುಖ ಬಾಡುವಷ್ಟರಲ್ಲಿ ಅವನ ಅಜ್ಜಿ ಚೀಲದಿಂದ ಕೊಬ್ಬರಿ ಗಿಟುಕು ತೆಗೆದು ಚೂರು ಮಾಡಿ ಕಡ್ಡಿಗೆ ಚುಚ್ಚಿ ಕೊಟ್ಟಳು. ಸುಟ್ಟ ಕೊಬ್ಬರಿ, ಜೊತೆಗೆ ಬೆಲ್ಲ. ಪಕ್ಕದ ಮಕ್ಕಳು ಕೈ ಚಾಚಿದರು. ಹತ್ತಕ್ಕೆ ಸ್ವಲ್ಪ ಮುಂಚೆ ಕೆರೆಯ ಮೇಲೆ ದೀಪದ ತೆಪ್ಪಗಳು ಬಂದವು, ಆಮೆ, ತಿಮಿಂಗಿಲ, ಕಡಲ ಹಾವು, ಎಲ್ಲ ಬರಿಯ ದೀಪದಲ್ಲೇ. 1971ರಿಂದ ನಡೆದು ಬಂದ ಮೆರವಣಿಗೆಯಂತೆ. ನನ್ನವಳು "ತೆಪ್ಪೋತ್ಸವ" ಅಂದಳು, ಕೈ ಮುಗಿಯಲೂ ಹೊರಟಿದ್ದಳು.

ಆ ರಾತ್ರಿಯೇ ನನ್ನ ಪಜೀತಿ ನಡೆದದ್ದು.

ಸುಮಾರು ಎರಡು ಗಂಟೆಗೆ ಎಚ್ಚರವಾಯಿತು. ನನ್ನ ವಯಸ್ಸಿನವರಿಗೆ ಕಾರಣ ಹೇಳಬೇಕಾಗಿಲ್ಲ. ಹೋಟೆಲಾಗಿದ್ದರೆ ನಾಲ್ಕು ಹೆಜ್ಜೆ. ಇಲ್ಲಿ ರಸ್ತೆಗೆ ಬಂದು ನಡೆಯಬೇಕು. ಯಾರನ್ನೂ ಎಬ್ಬಿಸದೆ, ಟಾರ್ಚನ್ನೂ ಮೊಬೈಲನ್ನೂ ಒಳಗೇ ಬಿಟ್ಟು ಹೊರಟೆ. ದೀಪಗಳಿದ್ದವು, ಹೋಗುವುದು ಸುಲಭವಾಯಿತು. ಬರುವಾಗ ದಾರಿ ಕವಲೊಡೆದದ್ದು ಯಾವಾಗಲೋ ಗೊತ್ತಿಲ್ಲ. ಅಸ್ಥಿಪಂಜರ ಹುಡುಕಿದೆ. ಸಿಕ್ಕಿತು, ಆದರೆ ಅದು ಸೈಕಲ್ ಮೇಲಿತ್ತು. ಮುಂದೆ ಇನ್ನೊಂದು, ಮರಕ್ಕೆ ನೇತಾಡುತ್ತಿತ್ತು. ಮತ್ತೊಂದು ಆರಾಮಕುರ್ಚಿಯಲ್ಲಿತ್ತು, ಅದರ ಪಕ್ಕದ ಡೇರೆಯ ಜಿಪ್ಪಿಗೆ ಕೈ ಹಾಕಿದ ಮೇಲೆ ಒಳಗಿನಿಂದ ನಾಯಿ ಬೊಗಳಿತು. ನಮ್ಮದು ಯಾವ ನಂಬರ್? ನೂರಾರು ಖಾತೆಗಳ ನಂಬರ್ ಬಾಯಲ್ಲಿಟ್ಟುಕೊಂಡಿದ್ದವನಿಗೆ ನಾಲ್ಕು ಅಂಕಿ ನೆನಪಿಗೆ ಬರಲಿಲ್ಲ. ಎದೆ ಹೊಡೆದುಕೊಳ್ಳತೊಡಗಿತು. ಪರದೇಶ, ಪಂಚೆ ಉಟ್ಟ ಮುದುಕ, ನಡುರಾತ್ರಿ ಪರರ ಡೇರೆ ತೆಗೆಯುತ್ತಿದ್ದಾನೆ. ಯಾರಾದರೂ ಏನೆಂದುಕೊಳ್ಳಬೇಕು?

ಎಷ್ಟು ಸುತ್ತಿದೆನೋ. ಕೊನೆಗೆ ಒಂದು ಜಾಗದ ಮುಂದೆ, ಕಾರು ನಿಲ್ಲಿಸುವ ಗಟ್ಟಿ ನೆಲದ ಮೇಲೆ, ದೀಪದ ಬೆಳಕಿಗೆ ಏನೋ ಬಿಳಿಯಾಗಿ ಕಂಡಿತು. ಹತ್ತಿರ ಹೋದೆ. ಹದಿನೈದು ಚುಕ್ಕಿಯ ರಂಗೋಲಿ. ಅಮೆರಿಕದ ಮಕ್ಕಳು ಮನೆ ಮುಂದೆ ಚಿತ್ರ ಬರೆಯುವ ದಪ್ಪ ಸೀಮೆಸುಣ್ಣ ಪುಟ್ಟಿಯ ಬಳಿ ಇತ್ತು. ಬೆಳಿಗ್ಗೆ ಅಜ್ಜಿ ಅದರಲ್ಲೇ ಬರೆದಿದ್ದಳು, "ಮನೆ ಮುಂದೆ ಬೋಳಾಗಿರಬಾರದು" ಎಂದು. ನಾನೇ ಆಗ, ಡೇರೆಗೆಂಥ ರಂಗೋಲಿ ಎಂದು ನಕ್ಕಿದ್ದೆ. ಆ 750 ಎಕರೆಯಲ್ಲಿ ಅಸ್ಥಿಪಂಜರ ಎಷ್ಟಿದ್ದವೋ, ರಂಗೋಲಿ ಒಂದೇ.

ಡೇರೆಯ ಮುಂದೆ ಮಗ ಟಾರ್ಚ್ ಹಿಡಿದು ಚಪ್ಪಲಿ ಹುಡುಕುತ್ತಿದ್ದ. ನನ್ನನ್ನು ನೋಡಿ ಅವನಿಗೆ ಮಾತೇ ಬರಲಿಲ್ಲ. ಆಮೇಲೆ ಬಂತು, ಜೋರಾಗಿಯೇ. "ಅಪ್ಪ, ಮುಕ್ಕಾಲು ಗಂಟೆ ಆಯ್ತು. ಫೋನೂ ಇಲ್ಲ. ಸಾಕು ಇದು. ನಾಳೆ ಹೋಟೆಲಿಗೆ ಹೋಗೋಣ, ಎಷ್ಟಾದರೂ ಆಗಲಿ."

ಬೆಳಿಗ್ಗೆಯೂ ಅದೇ ಮಾತು. ಸೊಸೆ ಸುಮ್ಮನಿದ್ದಳು. ಮಕ್ಕಳ ಕಣ್ಣಲ್ಲಿ ನೀರು. ತಪ್ಪು ನನ್ನದಾದ್ದರಿಂದ ನಾನು ಬಾಯಿ ಬಿಡುವ ಹಾಗಿರಲಿಲ್ಲ. ಮಾತಾಡಿದವಳು ಡೇರೆ ಬೇಡವೆಂದಿದ್ದ ನನ್ನ ಮನೆಯವಳು. ಉಪ್ಪಿಟ್ಟಿನ ಬಾಣಲೆ ಇಳಿಸುತ್ತ, "ನಾಲ್ಕು ತಿಂಗಳಿಂದ ನಿಮ್ಮ ಮನೆಯಲ್ಲಿದ್ದೀವಿ. ನೀನು ಆಫೀಸು, ಅವಳು ಆಫೀಸು, ಮಕ್ಕಳು ಸ್ಕೂಲು. ಆರು ಜನ ಒಟ್ಟಿಗೆ ಕೂತು ಉಂಡದ್ದು ಇಲ್ಲೇ. ಹೋಟೆಲಿಗೆ ಹೋದರೆ ನಾವೊಂದು ರೂಮು, ನೀವೊಂದು ರೂಮು. ನಾನು ಬರಲ್ಲ" ಅಂದಳು. ಮಗ ಉಪ್ಪಿಟ್ಟಿನ ತಟ್ಟೆ ಹಿಡಿದು ಸ್ವಲ್ಪ ಹೊತ್ತು ಅತ್ತ ತಿರುಗಿ ನಿಂತಿದ್ದ. ಆಮೇಲೆ, "ಸರಿ, ಆದರೆ ಅಪ್ಪ ಟಾರ್ಚ್ ಇಲ್ಲದೆ ಹೊರಗೆ ಹೋಗಬಾರದು" ಅಂದ.

ಆ ರಾತ್ರಿ ಮಲಗುವ ಮುಂಚೆ ಪುಟ್ಟಿ ನನ್ನ ಅಂಗೈಯಲ್ಲಿ ಸ್ಕೆಚ್ ಪೆನ್ನಿನಿಂದ 2031 ಎಂದು ದೊಡ್ಡದಾಗಿ ಬರೆದಳು. ಪುಟ್ಟು ಕತ್ತಲಲ್ಲಿ ಘಾಟಿ ಜಾತ್ರೆಯ ಕತೆ ಕೇಳಿದ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗ, ಅವತ್ತು "ಎತ್ತಿನ ಹೆಸರೇನು ತಾತ?" ಅಂದ. ರಾಮ, ಲಕ್ಷ್ಮಣ ಅಂದೆ. ಎರಡನ್ನೂ ಒಮ್ಮೆ ಬಾಯಲ್ಲಿ ಹೇಳಿಕೊಂಡು ನಿದ್ದೆಹೋದ.

ನಾಲ್ಕು ಗಂಟೆಗೆ ಮತ್ತೆ ಎಚ್ಚರವಾಯಿತು. ಈ ಸಲ ಟಾರ್ಚ್ ಹಿಡಿದೇ ಹೋದೆ. ಕೈ ತೊಳೆದುಕೊಂಡ ಮೇಲೆ ನೋಡುತ್ತೇನೆ, ಅಂಗೈಯಲ್ಲಿ ಎರಡು ಸೊನ್ನೆಯಂಥದ್ದು ಬಿಟ್ಟು ಬೇರೇನೂ ಉಳಿದಿಲ್ಲ. ಆದದ್ದಾಗಲಿ ಎಂದು ಬಾಗಿಲು ತೆಗೆದರೆ ಹೊರಗೆ ಮಗ ಗೋಡೆಗೊರಗಿ ನಿಂತಿದ್ದ.

"ನೀನ್ಯಾಕೋ ಎದ್ದೆ?"

"ನನಗೂ ಬಂದಿತ್ತಪ್ಪ" ಅಂದ. ಒಳಗೆ ಹೋಗಲೇ ಇಲ್ಲ.

ಇಬ್ಬರೂ ಮೆಲ್ಲಗೆ ನಡೆದೆವು. ಸುತ್ತು ರಸ್ತೆಯ ತಿರುವಿನಲ್ಲಿ ಅವನು ನನ್ನ ತೋಳು ಹಿಡಿದು ನಿಲ್ಲಿಸಿದ. ಹತ್ತು ಮಾರು ಆಚೆ ಎರಡು ಜಿಂಕೆಗಳು ಹುಲ್ಲು ಮೇಯುತ್ತಿದ್ದವು. ಅವುಗಳ ಕಾಲ ಬಳಿ ನಮ್ಮ ಚಿಪ್ಪುಹಂದಿಯಂಥ ಒಂದು ಪ್ರಾಣಿ, ಆರ್ಮಡಿಲೊ, ಮೂಗಿನಿಂದ ನೆಲ ಕೆದರುತ್ತಿತ್ತು. ಮಗ ಟಾರ್ಚ್ ಆರಿಸಿದ. ನಾನೂ ಆರಿಸಿದೆ.